ಜರ್ಮನಿಗೆ ಹೊರಡುವ ಮುನ್ನ

ನಮ್ಮ ಮನೆಯಲ್ಲಿ ಪ್ರವಾಸ ಎಂದರೆ ಇದುವರೆಗೆ ಎರಡೇ ಬಗೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ರಾತ್ರಿ ಮನೆಗೆ ಮರಳುವಂಥದು ಒಂದು. ಧರ್ಮಸ್ಥಳ, ಕಟೀಲು, ಬೇಕಲ ಕೋಟೆ, ಹೆಚ್ಚೆಂದರೆ ಕೊಲ್ಲೂರು, ಎಲ್ಲ ಈ ಬಗೆಗೆ ಸೇರಿದ್ದು. ನೆಂಟರ ಮನೆಯ ಮದುವೆಗೋ ಗೃಹಪ್ರವೇಶಕ್ಕೋ ಹೋಗಿ ಒಂದು ರಾತ್ರಿ ಚಾಪೆಯಲ್ಲಿ ಮಲಗಿ ಬರುವಂಥದು ಇನ್ನೊಂದು. ಹೋಟೆಲಿನಲ್ಲಿ ಕೋಣೆ ಹಿಡಿದು ಊರು ನೋಡುವ ಅಭ್ಯಾಸ ನಮ್ಮದಲ್ಲ. ಹೀಗಿರುವ ನಾನು, ಬ್ಯಾಂಕಿನ ಕೌಂಟರಿನ ಆಚೆಗೆ ಹೆಚ್ಚು ಜಗತ್ತನ್ನು ಕಾಣದ ಗುಮಾಸ್ತ, ನಲುವತ್ತೇಳನೆಯ ವಯಸ್ಸಿನಲ್ಲಿ ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ದಕ್ಷಿಣ ಜರ್ಮನಿಯ ನಕ್ಷೆ ಹರಡಿಕೊಂಡು ಕುಳಿತಿರುತ್ತೇನೆ ಎಂದರೆ ಓದುಗರು ನಗಬಾರದು. ಮೂರು ತಿಂಗಳಿನಿಂದ ಇದೇ ನಡೆದಿದೆ.

ನನ್ನ ತಮ್ಮ 2012ರಲ್ಲಿ ಕೆಲಸಕ್ಕೆಂದು ಆ ಕಡೆಗೆ ಹೋದವನು. ಸ್ಟುಟ್‌ಗಾರ್ಟ್ ನಗರಕ್ಕೆ ತಾಗಿದಂತೆ ನೆಕ್ಕರ್ ನದಿಯ ದಂಡೆಯಲ್ಲಿ ಎಸ್ಲಿಂಗನ್ ಎಂಬ ಹಳೆಯ ಊರಿದೆ. ಅಲ್ಲಿ ಅವನ ಸಂಸಾರ. ಪ್ರತಿ ವರ್ಷವೂ ದೀಪಾವಳಿಗೆ ಫೋನು ಮಾಡಿದಾಗ "ಅಣ್ಣ, ಒಮ್ಮೆ ಬಾ" ಎನ್ನುತ್ತಿದ್ದ. ಪ್ರತಿ ವರ್ಷವೂ ನನ್ನಲ್ಲಿ ಒಂದು ನೆವ ಸಿದ್ಧವಿರುತ್ತಿತ್ತು. ಒಮ್ಮೆ ಆಡಿಟ್, ಒಮ್ಮೆ ಮಗಳ ಪರೀಕ್ಷೆ, ಒಮ್ಮೆ ಅಮ್ಮನ ಮಂಡಿ ನೋವು. ಕಳೆದ ದೀಪಾವಳಿಗೆ ಅವನು ಕರೆದಾಗ ಫೋನು ನನ್ನ ಕೈಯಲ್ಲಿರಲಿಲ್ಲ, ಅಮ್ಮನ ಕೈಯಲ್ಲಿತ್ತು. "ಬರ್ತಾನೆ, ನಾನು ಕಳಿಸ್ತೇನೆ" ಎಂದು ಅಮ್ಮನೇ ಹೇಳಿಬಿಟ್ಟರು. ಹೀಗೆ ಬರುವ ಮೇ ತಿಂಗಳಿಗೆ ನಾನು, ನನ್ನ ಹೆಂಡತಿ, ಪ್ಲಸ್ ಟು ಮುಗಿಸುವ ಮಗಳು, ಮೂವರ ಹನ್ನೆರಡು ದಿನಗಳ ಪ್ರಯಾಣ ನಿಶ್ಚಯವಾಯಿತು. ಅಷ್ಟು ದಿನ ಅಮ್ಮನ ಜೊತೆಗೆ ಇರಲು ಅತ್ತಿಗೆಯ ಮಗಳು ಒಪ್ಪಿದಳು.

ಮೊದಲು ಕಾಗದಪತ್ರಗಳ ಮಾತು. ಬ್ಯಾಂಕಿನವರಿಗೆ ವಿದೇಶಕ್ಕೆ ಹೋಗಲು ಮೇಲಿನ ಕಚೇರಿಯ ಅನುಮತಿ ಬೇಕು. ಅದು ಬಂತು. ವೀಸಾ ಶುಲ್ಕ ದೊಡ್ಡವರಿಗೆ ತಲೆಗೆ 90 ಯುರೋ. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಯುರೋ ಒಂದಕ್ಕೆ ನೂರು ರೂಪಾಯಿಯ ಆಚೀಚೆ ಎಂದು ಹಿಡಿದರೆ ಲೆಕ್ಕ ಸುಲಭ, ಎದೆ ಮಾತ್ರ ಭಾರ. ಈ ಕೆಲಸದಲ್ಲಿ ನನಗೆ ಸಂತೋಷ ಕೊಟ್ಟ ಸಂಗತಿಯೊಂದಿದೆ. ಬೆಂಗಳೂರಿನಲ್ಲಿರುವ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಕರ್ನಾಟಕವೂ ಕೇರಳವೂ ಒಟ್ಟಿಗೇ ಸೇರಿವೆ. 1956ರಲ್ಲಿ ನಮ್ಮ ತಲೆಯ ಮೇಲೆ ಎಳೆದ ಗೆರೆ ಜರ್ಮನರ ಕಡತದಲ್ಲಿ ಇಲ್ಲ! ಶಾಖೆಯ ಮಲಯಾಳಿ ಮಿತ್ರನಿಗೆ ಇದನ್ನು ಹೇಳಿದಾಗ, "ಹಾಗಾದರೆ ನಿಮ್ಮ ಗಡಿ ಸಮಸ್ಯೆ ಬಗೆಹರಿಯಿತಲ್ಲ ಸಾರ್, ಇನ್ನು ಭಾಷಣ ಮಾಡಲಿಕ್ಕೆ ವಿಷಯ ಎಲ್ಲಿಂದ ತರ್ತೀರಿ?" ಎಂದು ಕೇಳಿದ.

ಒಂದು ಕಾಗದದಲ್ಲಿ ಮಾತ್ರ ನಾನು ಸಿಕ್ಕಿಬಿದ್ದೆ. ಜರ್ಮನಿಯಲ್ಲಿ ವಾಸವಿರುವವರು ತಮ್ಮಲ್ಲಿಗೆ ಬರುವ ಅತಿಥಿಗಾಗಿ ಆ ಊರಿನ ವಿದೇಶಿಯರ ಕಚೇರಿಗೆ ಹೋಗಿ 29 ಯುರೋ ಕಟ್ಟಿ ಒಂದು ಹೊಣೆಪತ್ರ ಬರೆದುಕೊಡಬಹುದು. ಇವರ ಊಟ, ವಾಸ, ಕಾಯಿಲೆಯ ಖರ್ಚು, ಕೊನೆಗೆ ಮರಳಿ ಕಳುಹಿಸುವ ಖರ್ಚು ಬಂದರೂ ಅದು ನನ್ನದು ಎಂದು ಅದರ ಅರ್ಥ. ಅದಿದ್ದರೆ ವೀಸಾ ಕೆಲಸ ಹಗುರ. ತಮ್ಮ ಅದನ್ನು ಮಾಡಿಸುತ್ತೇನೆಂದ. ನಾನು ಬೇಡವೆಂದೆ.

ಇಪ್ಪತ್ತೆರಡು ವರ್ಷಗಳಿಂದ ಜಾಮೀನುದಾರರ ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಜಾಮೀನು ನಿಲ್ಲುವವನ ಮುಖದ ಅಳುಕು ಒಂದು ಬಗೆಯದು, ಅವನನ್ನು ಕರೆತಂದವನ ಮುಖದ ಅಳುಕು ಇನ್ನೊಂದು ಬಗೆಯದು. ಎರಡನೆಯವನ ಕುರ್ಚಿಯಲ್ಲಿ ನಾನು ಕೂರಬೇಕಾದೀತೆಂದು ಎಣಿಸಿರಲಿಲ್ಲ. ಅದೂ ತಮ್ಮನೆದುರು. "ನನ್ನ ಎಫ್.ಡಿ. ಇದೆ, ಅದನ್ನೇ ತೋರಿಸ್ತೇನೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಅಣ್ಣ, ನಿನ್ನಿಷ್ಟ" ಎಂದ.

ಇನ್ನು ನಕ್ಷೆಯ ವಿಷಯ. ಒಂದೇ ಕಡೆ ತಂಗಿ ಅಲ್ಲಿಂದ ದಿನಕ್ಕೊಂದು ಊರಿಗೆ ಹೋಗಿ ರಾತ್ರಿಗೆ ಮರಳುವುದು ಎಂದು ತಮ್ಮನೇ ಸೂಚಿಸಿದ್ದು. ನಮ್ಮ ಧರ್ಮಸ್ಥಳದ ಪದ್ಧತಿಯೇ. ಪೆಟ್ಟಿಗೆ ಹೊತ್ತು ಅಲೆಯಬೇಕಾಗಿಲ್ಲ, ಹೋಟೆಲಿನ ಖರ್ಚಿಲ್ಲ, ಊಟಕ್ಕೆ ಮನೆಯ ಸಾರು. ಅವನು ಒಂದು ನಿಯಮ ಹಾಕಿಕೊಟ್ಟ: ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಅದಕ್ಕಿಂತ ದೂರದ್ದನ್ನು ದಿನದ ಪ್ರವಾಸಕ್ಕೆ ಸೇರಿಸಬಾರದು. ಎರಡು ದೂರದ ಊರುಗಳನ್ನು ಒಂದರ ಹಿಂದೆ ಒಂದರಂತೆ ಇಟ್ಟುಕೊಳ್ಳಲೂ ಬಾರದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಆ ದಿನವನ್ನು ಊರು ನೋಡಲು ಇಟ್ಟುಕೊಳ್ಳಬೇಕು. ಮೇ ತಿಂಗಳ ನಡುವಿಗೆ ಅಲ್ಲಿ ಸಂಜೆ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆಯಂತೆ. ಹೀಗಾಗಿ ಬೆಳಗ್ಗೆ ತಡವಾಗಿ ಹೊರಟರೂ ನಷ್ಟವಿಲ್ಲ.

ತಡವಾಗಿ ಹೊರಡುವುದರಲ್ಲಿ ಲಾಭವೂ ಇದೆ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಕ್ಕೆ ಒಂದು ದಿನದ ಟಿಕೆಟ್ ಇದೆ. ಐದು ಜನರವರೆಗೆ ಒಂದೇ ಟಿಕೆಟಿನಲ್ಲಿ ರಾಜ್ಯದ ಎಲ್ಲ ಸಾಧಾರಣ ರೈಲುಗಳಲ್ಲಿ ಎಷ್ಟು ಸಲವಾದರೂ ಹತ್ತಿ ಇಳಿಯಬಹುದು. ಕೆಲಸದ ದಿನಗಳಲ್ಲಿ ಬೆಳಗ್ಗೆ ಒಂಬತ್ತರಿಂದ ಅದು ಚಾಲ್ತಿ, ಶನಿವಾರ ಭಾನುವಾರ ನಡುರಾತ್ರಿಯಿಂದಲೇ. ಇಡೀ ದೇಶಕ್ಕೆ ಸಲ್ಲುವ ತಿಂಗಳ ಪಾಸು ಬೇರೆಯೇ ಇದೆ. 2023ರ ಮೇ ತಿಂಗಳಲ್ಲಿ 49 ಯುರೋಗೆ ಆರಂಭವಾದ ಅದು 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಎರಡರಲ್ಲೂ ವೇಗದ ದೊಡ್ಡ ರೈಲುಗಳಿಗೆ ಪ್ರವೇಶವಿಲ್ಲ. ನಾನು ಬ್ಯಾಂಕಿನವನಲ್ಲವೆ, ಎರಡು ಅಂಕಣ ಹಾಕಿ ಕೂಡಿಸಿ ಕಳೆದು ನೋಡಿದೆ. ನಾವು ಮೂವರೂ ಒಟ್ಟಿಗೇ ಇರುವುದರಿಂದ, ರೈಲಿನಲ್ಲಿ ಹೋಗುವ ದಿನಗಳು ನಾಲ್ಕೈದೇ ಆದ್ದರಿಂದ, ದಿನದ ಟಿಕೆಟೇ ಮೇಲು ಎಂದು ತೀರ್ಮಾನಿಸಿದೆ. ಈ ಲೆಕ್ಕದ ಹಾಳೆಯನ್ನು ತಮ್ಮನಿಗೆ ಕಳುಹಿಸಿದಾಗ, "ಅಪ್ಪನ ಹಾಜರಿ ಪಟ್ಟಿ ನೋಡಿದ ಹಾಗಾಯ್ತು" ಎಂದು ಬರೆದ. ಆ ಮಾತಿಗೆ ನಾನು ಉತ್ತರಿಸಲಿಲ್ಲ.

ಎಲ್ಲಿಗೆ ಹೋಗುವುದು ಎಂಬಲ್ಲಿ ಮನೆಯಲ್ಲಿ ನಾಲ್ಕು ಪಕ್ಷಗಳಾದವು. ಹೆಂಡತಿಗೆ ಹಿಮ ನೋಡಬೇಕು. ಮೇ ತಿಂಗಳಲ್ಲಿ ಹಿಮ ಬೇಕೆಂದರೆ ಆಲ್ಪ್ಸ್ ಪರ್ವತಕ್ಕೇ ಏರಬೇಕು. 2962 ಮೀಟರ್ ಎತ್ತರದ ಸುಗ್‌ಶ್ಪಿಟ್ಸೆ ಆ ದೇಶದ ಅತಿ ಎತ್ತರದ ಶಿಖರ, ಆದರೆ ಅದು ಎರಡು ಗಂಟೆಯ ನಿಯಮಕ್ಕೆ ಸಿಗುವುದಿಲ್ಲ. ಮಗಳಿಗೆ ಮ್ಯೂನಿಕ್ ಬೇಕು. ತಮ್ಮನ ಪಟ್ಟಿಯಲ್ಲಿ ಉಲ್ಮ್ ನಗರದ ಇಗರ್ಜಿ, ನೊಯ್‌ಶ್ವಾನ್‌ಸ್ಟೈನ್ ಅರಮನೆ, ಕಾನ್‌ಸ್ಟಾನ್ಸ್ ಸರೋವರ. ಉಲ್ಮ್‌ನ ಗೋಪುರ 161 ಮೀಟರಿಗೂ ಮಿಕ್ಕಿದ್ದು. 1890ರಲ್ಲಿ ಅದು ಪೂರ್ಣವಾದಂದಿನಿಂದ 2025ರಲ್ಲಿ ಬಾರ್ಸಿಲೋನದ ಇಗರ್ಜಿ ಅದನ್ನು ಮೀರುವವರೆಗೆ ಲೋಕದ ಇಗರ್ಜಿಗಳಲ್ಲೆಲ್ಲ ಎತ್ತರ. ಹತ್ತಲು 768 ಮೆಟ್ಟಿಲು. ನೊಯ್‌ಶ್ವಾನ್‌ಸ್ಟೈನ್ ಬವೇರಿಯದ ರಾಜ ಎರಡನೆಯ ಲುಡ್ವಿಗ್ 1869ರಲ್ಲಿ ಕಟ್ಟಲು ತೊಡಗಿದ್ದು. 1886ರಲ್ಲಿ ಅವನು ಸತ್ತಾಗ ಅರಮನೆ ಇನ್ನೂ ಮುಗಿದಿರಲಿಲ್ಲ. ಕೆಲವೇ ವಾರಗಳಲ್ಲಿ ಟಿಕೆಟ್ ಇಟ್ಟು ಜನರಿಗೆ ತೆರೆದರಂತೆ. ಮುಗಿಯದ ಮನೆಯೂ ಹೀಗೆ ದುಡಿಯಬಹುದು ಎಂದು ತಿಳಿದಿದ್ದರೆ ನಮ್ಮ ಬ್ಯಾಂಕಿನ ಎಷ್ಟೋ ಗೃಹಸಾಲಗಾರರು ಬದುಕಿಕೊಳ್ಳುತ್ತಿದ್ದರು. ಅದು ಸ್ವಲ್ಪ ದೂರವಾದರೂ ಮೊದಲ ಸಲ ಬಂದವರಿಗೆ ತೋರಿಸದೆ ಇರಲಾಗದು, ಕಾರಿನಲ್ಲಿ ಹೋಗೋಣ ಎಂದು ತಮ್ಮನೇ ತನ್ನ ನಿಯಮ ಮುರಿದ.

ಇನ್ನು ನನ್ನ ಪಟ್ಟಿ. ಅದರಲ್ಲಿ ಮೂರೇ ಊರು: ಎಸ್ಲಿಂಗನ್, ಕಾಲ್ವ್, ಟ್ಯೂಬಿಂಗನ್.

ಈ ಹೆಸರುಗಳನ್ನು ನಾನು ಕೇಳಿದ್ದು ಅಪ್ಪನ ಬಾಯಿಂದ. ಅಪ್ಪ ನಮ್ಮೂರ ಅನುದಾನಿತ ಶಾಲೆಯಲ್ಲಿ ಕನ್ನಡ ಅಧ್ಯಾಪಕರು. ಪ್ರತಿ ಜೂನ್ ತಿಂಗಳಲ್ಲಿ ಡಿವಿಷನ್ ಫಾಲ್ ಆಗದಂತೆ ಮನೆ ಮನೆಗೆ ನಡೆದು ಮಕ್ಕಳನ್ನು ಕೂಡಿಸಿದವರು. ತರಗತಿಯಲ್ಲಿ ಮಕ್ಕಳಿಗೆ ಬೇಸರ ಬಂದಿತೆಂದು ಕಂಡಾಗ ಅವರು ಹೇಳುತ್ತಿದ್ದ ಕಥೆ ರಾಮಾಯಣದ್ದಲ್ಲ, ಬಾಸೆಲ್ ಮಿಶನ್ನಿನ ಮೂವರು ಜರ್ಮನರದು. ಮತ ಬೋಧಿಸಲು ಬಂದವರು ಮಾತು ಕಲಿಯುತ್ತ ಕುಳಿತರು ಎಂದು ಅವರು ಕಥೆಯನ್ನು ಆರಂಭಿಸುತ್ತಿದ್ದರು.

ಹರ್ಮನ್ ಮೋಗ್ಲಿಂಗ್ ಮತ್ತು ಹರ್ಮನ್ ಗುಂಡರ್ಟ್ ಇಬ್ಬರೂ ಟ್ಯೂಬಿಂಗನ್‌ನಲ್ಲಿ ಓದಿದವರು, ಇಬ್ಬರೂ 1836ರಲ್ಲಿ ಇಂಡಿಯಾಕ್ಕೆ ಬಂದವರು. ಮೋಗ್ಲಿಂಗ್ ಮಂಗಳೂರಿನಲ್ಲಿ ನಿಂತು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಗುಂಡರ್ಟ್ ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ನಿಂತು 1847ರಲ್ಲಿ ಮಲಯಾಳದ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' ಹೊರಡಿಸಿದರು. ಇವರ ಹಿಂದಿನಿಂದ 1853ರಲ್ಲಿ ಬಂದವರು ಫರ್ಡಿನಂಡ್ ಕಿಟ್ಟೆಲ್. 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ'ವೂ ಅಚ್ಚಾಯಿತು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ನಿಘಂಟು, ಅದೂ ಮಂಗಳೂರಿನಲ್ಲಿಯೇ. ಕೊನೆಗಾಲಕ್ಕೆ ಮೂವರೂ ಮರಳಿದ್ದು ದಕ್ಷಿಣ ಜರ್ಮನಿಗೆ. ಮೋಗ್ಲಿಂಗ್ 1881ರಲ್ಲಿ ಎಸ್ಲಿಂಗನ್‌ನಲ್ಲಿ, ಗುಂಡರ್ಟ್ 1893ರಲ್ಲಿ ಕಾಲ್ವ್‌ನಲ್ಲಿ, ಕಿಟ್ಟೆಲ್ 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

"ನೀನು ಇಷ್ಟು ವರ್ಷದಿಂದ ಇರುವ ಊರಲ್ಲೇ ಮೋಗ್ಲಿಂಗ್ ತೀರಿಹೋದದ್ದು" ಎಂದು ತಮ್ಮನಿಗೆ ಹೇಳಿದೆ. "ಹೌದಾ! ಅಪ್ಪ ಹೇಳ್ತಿದ್ದ ಎಸ್ಲಿಂಗನ್ ಇದೆಯಾ?" ಎಂದ. ಕೆಲಸ ಸಿಕ್ಕಿದಾಗ ಅಪ್ಪನಿಗೆ ಊರಿನ ಹೆಸರು ಹೇಳಿದ್ದನಂತೆ. ಅಪ್ಪ "ಒಳ್ಳೆಯ ಊರು" ಎಂದಷ್ಟೇ ಹೇಳಿ ಫೋನು ಇಟ್ಟಿದ್ದರಂತೆ. ಕಾಸರಗೋಡು ಬಿಟ್ಟು ಮೈಸೂರಿನ ಆಚೆ ಹೋಗದ ಮನುಷ್ಯ, ಅದು ಒಳ್ಳೆಯ ಊರೆಂದು ಹೇಗೆ ಹೇಳಿದರೆಂದು ಅವನಿಗೆ ಅಂದು ಆಶ್ಚರ್ಯವಾಗಿತ್ತಂತೆ.

ನಕ್ಷೆಯಲ್ಲಿ ನನಗೆ ಸಿಕ್ಕ ಒಂದು ಸಣ್ಣ ರೈಲು ದಾರಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಫೋರ್ಟ್ಸ್‌ಹೈಮ್ ಎಂಬ ಊರಿನಿಂದ ಹೊರಟು, ನಾಗೋಲ್ಡ್ ನದಿಯ ಕಣಿವೆಯಲ್ಲಿ ಕಪ್ಪು ಅರಣ್ಯದ ಅಂಚು ಹಿಡಿದು, ಕಾಲ್ವ್ ದಾಟಿ, ಹೋರ್ಬ್ ದಾಟಿ, ಟ್ಯೂಬಿಂಗನ್‌ಗೆ ಮುಟ್ಟುವ ದಾರಿ ಅದು. ಮಲಯಾಳ ನಿಘಂಟುಕಾರನ ಊರಿನಿಂದ ಕನ್ನಡ ನಿಘಂಟುಕಾರನ ಊರಿಗೆ ಸುಮಾರು ಒಂದೂವರೆ ಗಂಟೆ. ಇತ್ತ ನಮ್ಮಲ್ಲಿ ಕಿಟ್ಟೆಲರ ಪುಸ್ತಕ ಅಚ್ಚಾದ ಮಂಗಳೂರಿನಿಂದ ಗುಂಡರ್ಟರು ಬಾಳಿದ ತಲಶ್ಶೇರಿಗೆ ಹೋಗುವ ರೈಲು ದಾರಿ ನಮ್ಮ ಮನೆಯ ತೋಟದ ಕೆಳಗಿನಿಂದಲೇ ಹಾದುಹೋಗುತ್ತದೆ. ಆ ರೈಲಿನ ಸದ್ದಿನಲ್ಲಿ ನಾನು ಹುಟ್ಟಿ ಬೆಳೆದೆ. ಇದನ್ನು ಶಾಖೆಯ ಮಿತ್ರನಿಗೆ ಹೇಳಿದರೆ, "ಗುಂಡರ್ಟ್ ಞಙ್ಙಳುಡೆ ಆಳಾಣ್, ಕೇಟ್ಟೋ" ಎಂದು ಮೊದಲು ಹಕ್ಕು ಸ್ಥಾಪಿಸಿದ. ಆಮೇಲೆ ತಾನೇ ಕುರ್ಚಿ ಎಳೆದುಕೊಂಡು ಕುಳಿತು, ಕಾಲ್ವ್‌ನ ಹಳೆಯ ಸೇತುವೆಯ ಮೇಲೆ ಹರ್ಮನ್ ಹೆಸ್ಸೆಯ ಪ್ರತಿಮೆ ಇದೆ, ಅದರ ಪಕ್ಕ ನಿಂತು ತನಗೊಂದು ಫೋಟೋ ತೆಗೆದು ಕಳುಹಿಸಬೇಕು ಎಂದ. ನೊಬೆಲ್ ಪಡೆದ ಹೆಸ್ಸೆ ಗುಂಡರ್ಟರ ಮೊಮ್ಮಗ. ಅವನ ತಾಯಿ ಮೇರಿ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗುಂಡರ್ಟರು ಕೊಂಡುಹೋದ ಓಲೆಗಳೂ ಹಸ್ತಪ್ರತಿಗಳೂ ಇವೆ, 2015ರಿಂದ ಅಲ್ಲಿ ಮಲಯಾಳಕ್ಕೆ ಗುಂಡರ್ಟರ ಹೆಸರಿನ ಪೀಠವೂ ಇದೆ. ಅದೇ ವಿಶ್ವವಿದ್ಯಾಲಯ 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಹೀಗೆ ನಾವಿಬ್ಬರೂ ಸರಿಸಮನಾಗಿ ಎದ್ದೆವು.

ನನ್ನ ಪಟ್ಟಿಯನ್ನು ನೋಡಿದ ಹೆಂಡತಿ ಕೇಳಿದಳು: "ನೀವು ಹೋಗುವುದು ಪ್ರವಾಸಕ್ಕೋ, ಶ್ರಾದ್ಧಕ್ಕೋ? ಇಲ್ಲಿ ತೀರಿಹೋದರು, ಅಲ್ಲಿ ತೀರಿಹೋದರು. ಬದುಕಿರುವವರು ಯಾರಾದರೂ ಇದ್ದಾರಾ ಪಟ್ಟಿಯಲ್ಲಿ?"

ಅವಳು ತಮಾಷೆಗೇ ಹೇಳಿದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದರ ಮರುದಿನ ತಮ್ಮ ಕಾನ್‌ಸ್ಟಾನ್ಸ್ ಬಗ್ಗೆ ಹೇಳಿದ. ಸರೋವರದ ದಂಡೆಯ ಜರ್ಮನ್ ಊರು ಅದು, ಅದಕ್ಕೆ ಅಂಟಿಕೊಂಡೇ ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್. ನಡುವೆ ಎರಡನೆಯ ಮಹಾಯುದ್ಧದ ಕಾಲದ ಬೇಲಿಯಿತ್ತು. 2006ರಲ್ಲಿ ಅದನ್ನು ಕಿತ್ತು ಅದರ ಜಾಗದಲ್ಲಿ ಶಿಲ್ಪಗಳ ಸಾಲು ನಿಲ್ಲಿಸಿದರು. 2020ರ ಮಾರ್ಚಿನಲ್ಲಿ ಕೊರೋನ ಬಂದಾಗ ಅದೇ ಗೆರೆಯ ಮೇಲೆ ಮತ್ತೆ ಬೇಲಿ ಬಂತು. ಆಚೆ ಈಚೆಯ ಗಂಡ ಹೆಂಡಿರು, ಅಪ್ಪ ಮಕ್ಕಳು ಬೇಲಿಯ ಸಂದಿಯಲ್ಲಿ ಕೈ ಹಿಡಿದು ಮಾತನಾಡುತ್ತಾರೆಂದು ಸ್ವಲ್ಪ ದೂರಕ್ಕೆ ಇನ್ನೊಂದು ಬೇಲಿಯನ್ನೂ ಹಾಕಿದರು. ಮೇ ತಿಂಗಳಲ್ಲಿ ಎರಡನ್ನೂ ತೆಗೆದರು. ಅದೇ ಮಾರ್ಚಿನಲ್ಲಿ ನಮ್ಮ ತಲಪಾಡಿಯಲ್ಲಿಯೂ ರಸ್ತೆ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಯೇ ಗತಿಯಾದ ನಮ್ಮ ಜನ ಆ ದಿನಗಳನ್ನು ಮರೆಯುವಂತಿಲ್ಲ. "ಅಲ್ಲಿಗೆ ಹೋಗಲೇಬೇಕು ಅಣ್ಣ. ನಾವು ಗಡಿಯವರಲ್ವಾ" ಎಂದ ತಮ್ಮ. ಆಮೇಲೆ ಸ್ವರ ತಗ್ಗಿಸಿ, "ಮರುವರ್ಷ ನಾನೂ ಒಂದು ಬೇಲಿಯ ಆಚೆ ಇದ್ದೆ" ಎಂದ.

ಅವನು ಹೇಳಿದ್ದು ಏನೆಂದು ನನಗೆ ಗೊತ್ತು. ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ದಿನಗಳಲ್ಲಿ. ಇಂಡಿಯಾದಿಂದ ಹೋಗುವವರಿಗೆ ಆಗ ಜರ್ಮನಿ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ತಮ್ಮನ ಹೆಂಡತಿಗೆ ಎಂಟು ತಿಂಗಳು. ಹೊರಟರೆ ಮರಳುವ ಭರವಸೆ ಇರಲಿಲ್ಲ. ಅವನು ಬರಲಿಲ್ಲ. ನಾನು ಚಿತೆಗೆ ಬೆಂಕಿ ಇಟ್ಟದ್ದನ್ನು ಮಗಳು ಹಿಡಿದ ಫೋನಿನಲ್ಲಿ ಅವನು ನೋಡಿದ. ನಡುವೆ ಚಿತ್ರ ನಿಂತುಹೋಗಿತ್ತೆಂದು ಆಮೇಲೆ ತಿಳಿಯಿತು. ಇದರಲ್ಲಿ ಯಾರದೂ ತಪ್ಪಿಲ್ಲವೆಂದು ನನ್ನ ಬುದ್ಧಿ ಹೇಳುತ್ತಿತ್ತು. ಬುದ್ಧಿ ಹೇಳಿದ್ದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುವರ್ಷ ಡಿಸೆಂಬರಿನಲ್ಲಿ ಅವನು ಊರಿಗೆ ಬಂದ. ರಿಜಿಸ್ಟ್ರಾರರ ಕಚೇರಿಯಲ್ಲಿ ಮನೆಯ ಮತ್ತು ತೋಟದ ಮೇಲಿನ ತನ್ನ ಹಕ್ಕನ್ನು ನನಗೆ ಬಿಟ್ಟುಕೊಟ್ಟು ಸಹಿ ಹಾಕಿದ. ಒಂದು ಪೈಸೆ ಕೇಳಲಿಲ್ಲ. ಹೊರಡುವ ಹಿಂದಿನ ರಾತ್ರಿ ಒಂದೇ ಒಂದು ವಸ್ತು ಕೇಳಿದ: "ಅಪ್ಪನ ಕಿಟ್ಟೆಲ್ ನಾನು ತಕೊಂಡು ಹೋಗ್ಲಾ?"

ಅಪ್ಪನ ಕಿಟ್ಟೆಲ್ ಎಂದರೆ ಕಿಟ್ಟೆಲ್ ನಿಘಂಟಿನ ಒಂದೇ ಸಂಪುಟದ ಮರುಮುದ್ರಣ. ನಿವೃತ್ತಿಯ ಮೊದಲ ಹಣದಲ್ಲಿ ಅಪ್ಪ ಕೊಂಡದ್ದು. ನಾನು ಹೇಳಿದೆ: "ಅದು ಇಲ್ಲಿಯ ಪುಸ್ತಕ, ಇಲ್ಲಿಯೇ ಇರಲಿ. ಅದನ್ನು ಓದುವವರು ಇಲ್ಲಿದ್ದಾರೆ." ಅವನು ತಲೆಯಾಡಿಸಿ ಒಳಗೆ ಹೋದ.

ನಾನು ಹೇಳಿದ್ದು ಸುಳ್ಳು. ಓದುವವರು ಯಾರೂ ಇರಲಿಲ್ಲ. ಅಪ್ಪ ಹೋದ ಮೇಲೆ ಆ ಪುಸ್ತಕ ಬೀರುವಿನಲ್ಲಿ ನುಸಿಗುಳಿಗೆಯ ನಡುವೆ ಮಲಗಿತ್ತು. ಮನೆ ಮನೆ ನಡೆದು ಕನ್ನಡ ಶಾಲೆಗೆ ಮಕ್ಕಳನ್ನು ಕೂಡಿಸಿದವರ ಮೊಮ್ಮಗಳನ್ನು ನಾನು ಕಳುಹಿಸಿದ್ದು ಇಂಗ್ಲಿಷ್ ಮಾಧ್ಯಮಕ್ಕೆ. ಅವಳು ಮಲಯಾಳವನ್ನು ಸರಾಗವಾಗಿ ಓದುತ್ತಾಳೆ, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾಳೆ. ಬರಲಾಗದವನಿಗೆ ಪುಸ್ತಕವೇಕೆ ಎಂಬ ಹಟ ಬಿಟ್ಟರೆ ನನ್ನ ಮಾತಿನಲ್ಲಿ ಬೇರೇನೂ ಇರಲಿಲ್ಲ. ಆ ಹಟವನ್ನು ಕನ್ನಡಾಭಿಮಾನದ ಹೊದಿಕೆ ಹೊದೆಸಿ ಇಟ್ಟುಕೊಂಡಿದ್ದೆ. ಆಡಿಟ್, ಪರೀಕ್ಷೆ, ಮಂಡಿ ನೋವು ಎಂಬ ನೆವಗಳೆಲ್ಲ ಅಲ್ಲಿಂದ ಹುಟ್ಟಿದವು.

ಕಾನ್‌ಸ್ಟಾನ್ಸ್ ಮಾತು ನಡೆದ ದಿನ ರಾತ್ರಿ ಬೀರು ತೆರೆದು ಪುಸ್ತಕವನ್ನು ಹೊರತೆಗೆದೆ. ನಕ್ಷೆಯ ಮೇಲೆಯೇ ಇಟ್ಟು ಪುಟ ತಿರುವಿದೆ. ಕಿಟ್ಟೆಲರು ಒಂದು ಕನ್ನಡ ಶಬ್ದಕ್ಕೆ ಅರ್ಥ ಹೇಳಿದ ಮೇಲೆ ಸುಮ್ಮನಾಗುವುದಿಲ್ಲ. ತಮಿಳಿನಲ್ಲಿ ಹೀಗೆ, ಮಲಯಾಳದಲ್ಲಿ ಹೀಗೆ, ತುಳುವಿನಲ್ಲಿ ಹೀಗೆ, ತೆಲುಗಿನಲ್ಲಿ ಹೀಗೆ ಎಂದು ದಾಯಾದಿಗಳನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಅಕ್ಷರ. ಸ್ಟಾಫ್ ರೂಮಿನಲ್ಲಿ ಮಲಯಾಳಿ ಅಧ್ಯಾಪಕರ ಬಾಯಲ್ಲಿ ಕೇಳಿದ ಶಬ್ದಗಳನ್ನು ಮನೆಗೆ ಬಂದು ನೆನಪಿನಿಂದ ಬರೆದದ್ದು, ಅದೂ ಕನ್ನಡ ಲಿಪಿಯಲ್ಲಿ. ಬೇರು, ವೇರ್. ಬಿತ್ತು, ವಿತ್ತ್. ಹಾಲು, ಪಾಲ್. ಬೇಲಿ ಎಂಬಲ್ಲಿ 'ವೇಲಿ' ಎಂದು ಬರೆದು ಅದರ ಕೆಳಗೆ ಸಣ್ಣದಾಗಿ 'ಎರಡು ಕಡೆಯೂ ಒಂದೇ' ಎಂದಿತ್ತು. ಶಬ್ದದ ಬಗ್ಗೆ ಬರೆದದ್ದೋ, ಬೇಲಿಯ ಬಗ್ಗೆಯೋ, ಕೇಳಲು ಅಪ್ಪ ಇಲ್ಲ.

ಫೋನು ಮಾಡಿ ತಮ್ಮನನ್ನು ಕೇಳಿದೆ: "ಕಿಟ್ಟೆಲ್ ಈಗ ಕಂಪ್ಯೂಟರಿನಲ್ಲೇ ನೋಡಬಹುದಂತೆ. ನಿನಗೆ ಅಂದು ಪುಸ್ತಕ ಯಾಕೆ ಬೇಕಾದ್ದು?"

"ಪುಸ್ತಕ ಯಾರಿಗೆ ಬೇಕು ಅಣ್ಣ?" ಎಂದ. "ನನಗೆ ಅಪ್ಪನ ಅಕ್ಷರ ಬೇಕಾದ್ದು. ನನ್ನ ಮಗ ಅಜ್ಜನನ್ನು ಕಂಡವನಲ್ಲ. ಫೋಟೋ ಉಂಟು, ಆದರೆ ಫೋಟೋದಲ್ಲಿ ಎಲ್ಲರ ಅಜ್ಜನೂ ಒಂದೇ ಹಾಗೆ ಕಾಣ್ತಾರೆ."

ಸ್ವಲ್ಪ ಹೊತ್ತು ಎರಡೂ ಕಡೆ ಸದ್ದಿರಲಿಲ್ಲ. ಆಮೇಲೆ ನಾನೇ ಹೇಳಿದೆ: "ಆ ಹೊಣೆಪತ್ರ ಇದೆಯಲ್ಲ, ಅದನ್ನು ಮಾಡಿಸಿಬಿಡು. ಎಫ್.ಡಿ. ತೋರಿಸುವುದೆಲ್ಲ ರಗಳೆ."

ಮರುದಿನ ಅಡಿಕೆ ತೂಗುವ ತಕ್ಕಡಿಯಲ್ಲಿ ಕಿಟ್ಟೆಲರನ್ನು ಇಟ್ಟು ನೋಡಿದೆ. ಮೂರು ಕಿಲೋ ಇನ್ನೂರು ಗ್ರಾಂ. ವಿಮಾನದಲ್ಲಿ ಒಬ್ಬರಿಗೆ 23 ಕಿಲೋ. ಅಮ್ಮ ಕಟ್ಟಿಟ್ಟ ಮಿಡಿ ಉಪ್ಪಿನಕಾಯಿ, ಹಪ್ಪಳ, ಕುಚ್ಚಿಲಕ್ಕಿ ಎಲ್ಲ ಸೇರಿ ನನ್ನ ಪೆಟ್ಟಿಗೆ ಆಗಲೇ ಅಂಚಿಗೆ ಬಂದಿತ್ತು. ಏನನ್ನು ಬಿಡುವುದೆಂದು ಅಮ್ಮನನ್ನು ಕೇಳಿದೆ. ಅಮ್ಮ ಮಾತಿಲ್ಲದೆ ಕುಚ್ಚಿಲಕ್ಕಿಯ ಗಂಟನ್ನು ಹೊರತೆಗೆದರು. ಬೀರುವಿನ ಖಾಲಿ ಜಾಗ ನೋಡಿ ನಾನು ನಿಂತದ್ದನ್ನು ಕಂಡು, "ನಿನ್ನ ಅಪ್ಪ ಇಬ್ಬರಿಗೂ ಒಂದೇ ಬೆತ್ತದಲ್ಲಿ ಹೊಡೆದದ್ದು. ಪುಸ್ತಕ ಮಾತ್ರ ಒಬ್ಬನಿಗೆ ಹೇಗೆ ಆಗ್ತದೆ?" ಎಂದರು.

ಈಗ ಯೋಜನೆ ಪೂರ್ತಿಯಾಗಿದೆ. ಮೊದಲ ದಿನ ಎಸ್ಲಿಂಗನ್‌ನಲ್ಲೇ ನಡೆದಾಡುವುದು. ಒಂದು ದಿನ ಕಾಲ್ವ್, ಅಲ್ಲಿಂದ ಕಣಿವೆಯ ರೈಲಿನಲ್ಲಿ ಟ್ಯೂಬಿಂಗನ್, ಸಂಜೆಗೆ ಮನೆ. ಒಂದು ದಿನ ಉಲ್ಮ್. 768 ಮೆಟ್ಟಿಲನ್ನು ಮಗಳು ಹತ್ತಲಿ, ನಾವು ಕೆಳಗೆ ಕಾಯುತ್ತೇವೆ. ಒಂದು ದಿನ ಅರಮನೆ. ಅಲ್ಲಿಂದ ಆಲ್ಪ್ಸ್ ಪರ್ವತಗಳು ಕಾಣುತ್ತವೆ, ದೂರದಿಂದ ಕಂಡ ಹಿಮವೂ ಹಿಮವೇ ಎಂದು ಹೆಂಡತಿಯನ್ನು ಒಪ್ಪಿಸಿದ್ದಾಯಿತು. ಒಂದು ದಿನ ಕಾನ್‌ಸ್ಟಾನ್ಸ್. ಮ್ಯೂನಿಕ್ ಮಗಳಿಗೆ ಮತ್ತು ಚಿಕ್ಕಮ್ಮನಿಗೆ ಬಿಟ್ಟದ್ದು. ನಡುವೆ ಮೂರು ದಿನಗಳನ್ನು ಖಾಲಿ ಇಟ್ಟಿದ್ದೇವೆ. "ಆ ದಿನ ಎಲ್ಲಿಗೆ?" ಎಂದು ಹೆಂಡತಿ ಕೇಳಿದಾಗ, "ಬದುಕಿರುವವರ ಜೊತೆ" ಎಂದೆ.

ಒಂದು ಕೆಲಸ ಮಾತ್ರ ಉಳಿದಿತ್ತು, ಅದನ್ನು ನಿನ್ನೆ ಮುಗಿಸಿದೆ. ಪುಸ್ತಕದಲ್ಲಿ ಅಪ್ಪನ ಪೆನ್ಸಿಲ್ ಬಿದ್ದ ಪುಟಗಳನ್ನು ಎಣಿಸಿದೆ, 317. ಬ್ಯಾಂಕಿನ ಕೆಳಗಿನ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿಯಂತೆ ಫೋಟೋಕಾಪಿ ತೆಗೆಸಿ ದಾರ ಹಾಕಿ ಹೊಲಿಸಿದೆ. ಪೆನ್ಸಿಲ್ ತಿಳಿಯಾದಲ್ಲೆಲ್ಲ ಅಂಗಡಿಯ ಹುಡುಗ ತಾನಾಗಿ ಯಂತ್ರದ ಬಣ್ಣ ಏರಿಸಿ ಎರಡನೆಯ ಸಲ ತೆಗೆದುಕೊಟ್ಟ. ರಾತ್ರಿ ಮಗಳನ್ನು ಹತ್ತಿರ ಕೂರಿಸಿಕೊಂಡೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಕನ್ನಡ ಶಬ್ದ ಓದುವುದು, ಅಂಚಿನಲ್ಲಿ ಅಜ್ಜ ಬರೆದ ಮಲಯಾಳವನ್ನು ಥಟ್ಟನೆ ಹೇಳುವುದು, ನಾನು ಮೂಲದಲ್ಲಿ ಬೆರಳಿಟ್ಟು ಸರಿನೋಡುವುದು. ಹತ್ತು ಪುಟ ಆಗುವಷ್ಟರಲ್ಲಿ ಅವಳ ಕನ್ನಡಕ್ಕೆ ಸ್ವಲ್ಪ ವೇಗ ಬಂದಿತ್ತು. ಉಳಿದದ್ದನ್ನು ಹೊರಡುವುದರೊಳಗೆ ಮುಗಿಸಬೇಕೆಂದು ಅವಳೇ ಹೇಳಿದಳು.

ಕೌಂಟರಿನಲ್ಲಿ ದಿನಕ್ಕೆ ಹತ್ತು ಸಲ ನಕಲುಗಳ ಮೇಲೆ ಬರೆಯುವ ಮಾತನ್ನು ಆ ಕಟ್ಟಿನ ಮೊದಲ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: 'ಮೂಲದೊಂದಿಗೆ ಹೋಲಿಸಿ ನೋಡಿದೆ.' ಕೆಳಗೆ ಸಹಿ, ತಾರೀಕು. ಇನ್ನು ಯಾರಾದರೂ ಮೂಲ ಎಲ್ಲಿ ಎಂದು ಕೇಳಿದರೆ ಎಸ್ಲಿಂಗನ್‌ನಲ್ಲಿ, ತಮ್ಮನ ಮನೆಯಲ್ಲಿ ಎಂದು ಹೇಳಬೇಕು. ಒಳ್ಳೆಯ ಊರು.